ಬೀಜವೋ, ಕಂಬಳಿಹುಳುವೋ, ಮೊಟ್ಟೆಯೋ? ವಸಂತಕ್ಕೆ ಶಿಶುವಿಹಾರದೊಳಗೆ ಏನನ್ನು ಕರೆತರೋಣ

ಚಳಿ ಹಿಂದೆ ಸರಿದು ಗಿಡಮರ ಚಿಗುರತೊಡಗಿದರೆ ಸಾಕು, ಶಿಶುವಿಹಾರದ ಟೀಚರುಗಳ ನಡುವೆ ಚರ್ಚೆ ಶುರುವಾಗುತ್ತದೆ: ಈ ಸಲ ಮಕ್ಕಳಿಗೆ ಏನು ಮಾಡಿಸೋಣ? ಬೀಜ ಬಿತ್ತಿಸೋಣ ಅನ್ನುವವರು ಒಬ್ಬರಿರುತ್ತಾರೆ. ಅದು ಪ್ರತಿ ವರ್ಷದ ಹಾಡು, ಚಿಟ್ಟೆ ಸಾಕೋಣ ಅನ್ನುವವರು ಇನ್ನೊಬ್ಬರು. ಕೊಳದಿಂದ ಗೊದಮೊಟ್ಟೆ ಹಿಡಿದು ತರುತ್ತೇನೆ ಎಂದು ಯಾವುದೋ ಮಗುವಿನ ಅಪ್ಪ ಮುಂದೆ ಬರುತ್ತಾರೆ. ಇನ್ಕ್ಯುಬೇಟರನ್ನೂ ಒಂದು ಡಜನ್ ಮೊಟ್ಟೆಯನ್ನೂ ಕೊಡಿಸಲು ತಯಾರಿರುವ ಉತ್ಸಾಹಿಗಳಿಗೂ ಕೊರತೆಯಿಲ್ಲ. ಎಲ್ಲವೂ ಚೆನ್ನಾಗಿಯೇ ಕೇಳಿಸುತ್ತದೆ. ಕೊನೆಗೆ ಗೆಲ್ಲುವುದು ಮಾತ್ರ ಯಾವುದರ ಫೋಟೋ ಚೆನ್ನಾಗಿ ಬರುತ್ತದೋ ಅದು.

ನನ್ನ ಲೆಕ್ಕ ಬೇರೆ. ಮೂರರಿಂದ ಐದು ವರ್ಷದ ಮಕ್ಕಳಿಗೆ ಕಣ್ಣಿಗಿಂತ ಕೈ ಮುಂದು. ದೊಡ್ಡವರು ದೂರ ನಿಂತು ನೋಡಿ ತಿಳಿದುಕೊಳ್ಳುವುದನ್ನು ಅವರು ನೀರು ಹಾಕಿ, ಎಲೆ ತಂದು, ಮುಟ್ಟಿ, ಅಗೆದು ತಿಳಿದುಕೊಳ್ಳುತ್ತಾರೆ. ಹಾಗಾಗಿ ಯಾವ ಆಯ್ಕೆ ಮುಂದೆ ಬಂದರೂ ಮೊದಲು ಕೇಳಬೇಕಾದ್ದು, ಮಗು ಇದಕ್ಕಾಗಿ ದಿನವೂ ಏನು ಮಾಡಬಹುದು ಎಂದು. ‘ನೋಡಬಹುದು’ ಎನ್ನುವುದಷ್ಟೇ ಉತ್ತರವಾದರೆ ಎರಡು ಮೂರು ದಿನದಲ್ಲಿ ಆ ಮೂಲೆ ಖಾಲಿಯಾಗುತ್ತದೆ. ಆಮೇಲೆ, ವಾರಾಂತ್ಯದಲ್ಲಿ ನೋಡಿಕೊಳ್ಳುವವರು ಯಾರು? ಇನ್ನೊಂದು ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದೇ ಇಲ್ಲ: ಎಲ್ಲ ಮುಗಿದ ಮೇಲೆ ಈ ಜೀವ ಎಲ್ಲಿಗೆ ಹೋಗುತ್ತದೆ? ಈ ಮೂರನ್ನೂ ಇಟ್ಟುಕೊಂಡು ಒಂದೊಂದನ್ನೇ ನೋಡೋಣ.

ಬೀಜ: ಗಾಜಿನ ಜಾಡಿಯಲ್ಲೋ, ಮಣ್ಣಿನ ಕುಂಡದಲ್ಲೋ

ಬೀಜ ಬಿತ್ತುವುದು ಸವಕಲು ಎಂದು ಮೂಗು ಮುರಿಯುವವರು ಅದನ್ನು ಅರ್ಧಕ್ಕೇ ಬಿಟ್ಟವರಿರಬೇಕು. ನನ್ನ ಪಟ್ಟಿಯಲ್ಲಿ ಮೊದಲ ಸ್ಥಾನ ಇದಕ್ಕೇ.

ಜಾಡಿಯ ವಿಧಾನ ಎಲ್ಲರಿಗೂ ಗೊತ್ತು. ಪಾರದರ್ಶಕ ಜಾಡಿಯ ಒಳಗೋಡೆಗೆ ಒದ್ದೆ ಟಿಶ್ಯೂ ಕಾಗದವನ್ನು ಸುತ್ತಿ, ಗಾಜಿಗೂ ಕಾಗದಕ್ಕೂ ನಡುವೆ ರಾತ್ರಿಯಿಡೀ ನೆನೆಸಿದ ಬೀನ್ಸ್ ಬೀಜವನ್ನು ಸಿಕ್ಕಿಸಬೇಕು. ತಳದಲ್ಲಿ ಒಂದಿಷ್ಟು ನೀರು ಇದ್ದರೆ ಕಾಗದ ತಾನೇ ಹೀರಿಕೊಳ್ಳುತ್ತದೆ. ಬೀಜ ನೀರಿನಲ್ಲಿ ಮುಳುಗಿದರೆ ಕೊಳೆಯುತ್ತದೆ. ಕೋಣೆ 20 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬೆಚ್ಚಗಿದ್ದರೆ ಎರಡರಿಂದ ನಾಲ್ಕು ದಿನಕ್ಕೆ ಬೇರು ಇಣುಕುತ್ತದೆ. ಮೊದಲು ಬರುವುದು ಬೇರೇ ಹೊರತು ಎಲೆಯಲ್ಲ ಎನ್ನುವುದೇ ಎಷ್ಟೋ ಮಕ್ಕಳಿಗೆ ಆಶ್ಚರ್ಯ. ಆಮೇಲೆ ಕಾಂಡ ಬಿಲ್ಲಿನಂತೆ ಬಾಗಿ ಮೇಲೆದ್ದು, ಹೋಳಾದ ಬೀಜವನ್ನೇ ತಲೆಯ ಮೇಲೆ ಹೊತ್ತುಕೊಂಡು ನೆಟ್ಟಗಾಗುತ್ತದೆ. ಪಕ್ಕದಲ್ಲೇ ಇನ್ನೊಂದು ಜಾಡಿಯಲ್ಲಿ ಬಟಾಣಿ ಇಟ್ಟು ನೋಡಿ. ಬಟಾಣಿ ತನ್ನ ಬೀಜದಳವನ್ನು ಮೇಲಕ್ಕೆ ಒಯ್ಯುವುದಿಲ್ಲ, ಇದ್ದಲ್ಲೇ ಬಿಟ್ಟು ಚಿಗುರನ್ನು ಮಾತ್ರ ಕಳಿಸುತ್ತದೆ. ಎರಡು ಬೀಜ, ಎರಡು ಸ್ವಭಾವ. ನಾಲ್ಕು ವರ್ಷದ ಮಕ್ಕಳು ಯಾರೂ ಹೇಳಿಕೊಡದೆ ಇದನ್ನು ಕಂಡುಹಿಡಿಯುತ್ತಾರೆ, ಬಾಯಿ ಮುಚ್ಚಿಕೊಂಡಿರುವ ತಾಳ್ಮೆ ಟೀಚರಿಗೆ ಇದ್ದರೆ.

ಬೇರು ಬೆರಳುದ್ದ ಆದಾಗ ಜಾಡಿಯನ್ನು ಅಡ್ಡ ಮಲಗಿಸಿಡಿ. ಮರುದಿನ ಬಂದು ನೋಡಿದರೆ ಬೇರಿನ ತುದಿ ಮತ್ತೆ ಕೆಳಕ್ಕೆ ತಿರುಗಿರುತ್ತದೆ, ಕಾಂಡ ಮೇಲಕ್ಕೆ. ಗುರುತ್ವ, ಗಿರುತ್ವ ಎಂದು ಪಾಠ ಮಾಡುವ ಅಗತ್ಯವಿಲ್ಲ. ‘ಅದಕ್ಕೆ ಹೇಗೆ ಗೊತ್ತಾಯಿತು?’ ಎಂದು ಒಂದು ಮಗು ಕೇಳಿದರೆ ಆ ದಿನದ ಕೆಲಸ ಆದಂತೆಯೇ.

ಮಣ್ಣಿನ ಕುಂಡದಲ್ಲಿ ಇದ್ಯಾವುದೂ ಕಾಣುವುದಿಲ್ಲ. ವಾರ ಕಳೆದರೂ ಮೇಲೆ ಬರೀ ಮಣ್ಣು. ಮಕ್ಕಳು ಬೆರಳು ತೂರಿಸಿ ಕೆದಕುತ್ತಾರೆ, ನಾವು ಬೈಯುತ್ತೇವೆ. ಬೈಯುವ ಬದಲು ಕೆದಕುವುದಕ್ಕೆಂದೇ ಒಂದು ಕುಂಡವನ್ನು ಮೀಸಲಿಡುವುದು ಒಳ್ಳೆಯದು. ಅದರಲ್ಲಿ ಹತ್ತು ಹದಿನೈದು ಬೀಜ ಬಿತ್ತಿ, ದಿನಕ್ಕೊಂದನ್ನು ಅಗೆದು ನೋಡಲು ಬಿಡಿ. ಉಳಿದ ಕುಂಡಗಳು ಆಗ ಉಳಿಯುತ್ತವೆ. ಇಷ್ಟಾದರೂ ಮಣ್ಣನ್ನು ಕೈಬಿಡುವ ಹಾಗಿಲ್ಲ, ಏಕೆಂದರೆ ಜಾಡಿಯ ಸಸಿ ಬೀಜದಲ್ಲಿ ಕೂಡಿಟ್ಟ ಆಹಾರ ಮುಗಿಯುವವರೆಗೆ ಮಾತ್ರ ಚೆನ್ನಾಗಿರುತ್ತದೆ. ಆಮೇಲೆ ಸೊರಗುತ್ತದೆ. ಎಲೆ ಬಿಚ್ಚಿದ ಮೇಲೆ ಅದನ್ನು ಮಣ್ಣಿಗೆ ಸಾಗಿಸಲೇಬೇಕು. ಜಾಡಿ ನೋಡುವುದಕ್ಕೆ, ಕುಂಡ ಸಾಕುವುದಕ್ಕೆ. ಒಂದನ್ನೇ ಆರಿಸಬೇಕೆಂದರೆ ಮೂರು ವರ್ಷದವರಿಗೆ ಜಾಡಿ, ಐದು ವರ್ಷದವರಿಗೆ ಕುಂಡ.

ಐದು ವರ್ಷದವರಿಗೆ ಇನ್ನೂ ಒಂದು ಆಟವಿದೆ. ಒಂದೇ ದಿನ ಬಿತ್ತಿದ ಎರಡು ಕುಂಡಗಳಲ್ಲಿ ಒಂದನ್ನು ಕಿಟಕಿಯಲ್ಲೂ ಇನ್ನೊಂದನ್ನು ಕತ್ತಲೆಯ ಕಪಾಟಿನಲ್ಲೂ ಇಡಿ. ಕತ್ತಲೆಯಲ್ಲಿದ್ದದ್ದು ಬೆಳೆಯುವುದೇ ಇಲ್ಲ ಎಂದು ದೊಡ್ಡವರೇ ಎಷ್ಟೋ ಮಂದಿ ನಂಬಿದ್ದಾರೆ. ಬಾಗಿಲು ತೆರೆದರೆ ಅದೇ ಉದ್ದವಾಗಿರುತ್ತದೆ: ತೆಳ್ಳಗೆ, ಹಳದಿ ಬಿಳಿಚಿಕೊಂಡು, ಬೆಳಕು ಹುಡುಕುತ್ತಾ ಕತ್ತು ಚಾಚಿದ ಸಸಿ. ಯಾರು ಗೆದ್ದರು ಎಂದು ಕೇಳಿದರೆ ತರಗತಿ ಎರಡು ಪಕ್ಷವಾಗುತ್ತದೆ. ತೀರ್ಪು ಕೊಡಬೇಡಿ. ಕಪಾಟಿನ ಕುಂಡವನ್ನೂ ಕಿಟಕಿಗೆ ತನ್ನಿ. ಒಂದೆರಡು ದಿನದಲ್ಲಿ ಅದು ಹಸಿರಾಗತೊಡಗುವುದನ್ನು ಕಂಡಾಗ ವಾದ ತಾನಾಗಿ ಬೇರೆ ದಿಕ್ಕು ಹಿಡಿಯುತ್ತದೆ.

ಯಾವ ಬೀಜ? ಪುಟ್ಟ ಬೆರಳಿಗೆ ಸಿಗುವಷ್ಟು ದೊಡ್ಡದಿರಬೇಕು, ಬೇಗ ಮೊಳೆಯಬೇಕು. ಬೀನ್ಸ್, ಬಟಾಣಿ, ಕುಂಬಳ ಒಳ್ಳೆಯವು. ಮೂಲಂಗಿ ಬೀಜ ಸಣ್ಣದಾದರೂ ಮೂರರಿಂದ ಐದು ದಿನಕ್ಕೆ ಮೊಳೆತು ತಿಂಗಳೊಳಗೆ ಕೀಳಲು ಬರುತ್ತದೆ. ಬಿತ್ತಿದವರೇ ಕೀಳುವ ಭಾಗ್ಯ ಬೇರೆ ಹೆಚ್ಚಿನ ಬೆಳೆಗಳಲ್ಲಿ ಇಲ್ಲ. ಸೂರ್ಯಕಾಂತಿ ಎಲ್ಲರ ಅಚ್ಚುಮೆಚ್ಚು, ಆದರೆ ಹೂ ಬಿಡಲು 70ರಿಂದ 100 ದಿನ ಬೇಕು. ಅಷ್ಟರಲ್ಲಿ ರಜೆ ಬಂದು ಹೂವನ್ನು ಕಾವಲುಗಾರರೊಬ್ಬರೇ ನೋಡುವಂತಾಗುತ್ತದೆ. ಕ್ಯಾರೆಟ್ ಮೊಳೆಯುವುದಕ್ಕೇ ಎರಡು ಮೂರು ವಾರ ಹಿಡಿಯಬಹುದು, ಬೇಡ.

ಇಲ್ಲಿ ಎಚ್ಚರ ತಪ್ಪುವ ಹಾಗಿಲ್ಲ. ಬಿತ್ತನೆಗೆಂದು ಮಾರುವ ಬೀಜಕ್ಕೆ ಗುಲಾಬಿ, ಹಸಿರು, ನೀಲಿ ಬಣ್ಣ ಬಳಿದಿದ್ದರೆ ಅದರ ಮೇಲೆ ಶಿಲೀಂಧ್ರನಾಶಕ ಇದೆ ಎಂದು ತಿಳಿಯಬೇಕು. ಮಕ್ಕಳ ಕೈಗೆ ಅದು ಸಲ್ಲದು. ರಾಜ್ಮಾ ಕಾಳು ನೋಡಲು ಚೆಂದ, ಹಸಿಯಾಗಿ ನಾಲ್ಕೈದು ತಿಂದರೂ ವಾಂತಿ ಭೇದಿ ಆಗುವಷ್ಟು ಲೆಕ್ಟಿನ್ ವಿಷ ಅದರಲ್ಲಿರುತ್ತದೆ. ಹರಳು ಬೀಜ ಇನ್ನೂ ಚೆಂದ, ಚುಕ್ಕೆ ಚುಕ್ಕೆಯಾಗಿ ಮಿಂಚುತ್ತದೆ. ಅದರಲ್ಲಿರುವುದು ರಿಸಿನ್ ಎಂಬ ಮಾರಕ ವಿಷ. ಅದು ಶಿಶುವಿಹಾರದ ಬಾಗಿಲು ದಾಟಿ ಬರಬಾರದು, ಅಲಂಕಾರಕ್ಕೂ ಕೂಡ. ಇನ್ನು ಮೂಗು, ಕಿವಿ. ಬೀಜ ಹಂಚುವಾಗ ಎಣಿಸಿ ಕೊಡಿ, ಬಿತ್ತಿದ ಮೇಲೆ ಎಣಿಸಿ. ಕಿವಿಗೆ ಅಥವಾ ಮೂಗಿಗೆ ಕಾಳು ಹೋದರೆ ನೀರು ಹಾಕಿ ತೆಗೆಯಲು ಹೋಗಬಾರದು. ಕಾಳು ಉಬ್ಬಿ ಇನ್ನಷ್ಟು ಸಿಕ್ಕಿಕೊಳ್ಳುತ್ತದೆ. ವೈದ್ಯರೇ ತೆಗೆಯಲಿ.

ನನ್ನ ಕುಂಡವೋ, ನಮ್ಮ ಪಾತಿಯೋ

ಬೀಜ ಎಂದು ನಿರ್ಧಾರವಾದ ಮೇಲೂ ಒಂದು ಆಯ್ಕೆ ಉಳಿಯುತ್ತದೆ. ಮಗುವಿಗೊಂದು ಕುಂಡ ಕೊಡುವುದೋ, ಎಲ್ಲರಿಗೂ ಸೇರಿ ಒಂದು ಪಾತಿ ಮಾಡುವುದೋ? ಈ ಪ್ರಶ್ನೆ ಶಿಶುವಿಹಾರದಷ್ಟೇ ಹಳೆಯದು. ಜರ್ಮನಿಯ ಬಾಡ್ ಬ್ಲಾಂಕೆನ್‌ಬುರ್ಗ್‌ನಲ್ಲಿ 1837ರಲ್ಲಿ ಪುಟ್ಟ ಮಕ್ಕಳ ಶಾಲೆ ತೆರೆದು, 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟ ಫ್ರೆಡ್ರಿಕ್ ಫ್ರೋಬೆಲ್ ಎರಡೂ ಬೇಕೆಂದರು. ಮಕ್ಕಳದೇ ಸಣ್ಣ ಸಣ್ಣ ಪಾತಿಗಳು, ಜೊತೆಗೆ ಎಲ್ಲರೂ ಸೇರಿ ನೋಡಿಕೊಳ್ಳುವ ಪಾತಿ. ಈಗ ನಮ್ಮಲ್ಲಿ ಎಷ್ಟು ಕಡೆ ತೋಟದ ಬದಲು ಪ್ಲಾಸ್ಟಿಕ್ ಹುಲ್ಲು ಹಾಸಿದೆ ಎನ್ನುವ ಮಾತು ಬೇರೆ.

ಸ್ವಂತ ಕುಂಡದಲ್ಲಿ ಮಗುವಿಗೆ ಸಿಗುವುದು ಜವಾಬ್ದಾರಿ. ಬೆಳಗ್ಗೆ ಬಂದ ಕೂಡಲೇ ಚಪ್ಪಲಿಯನ್ನೂ ಬಿಡದೆ ಕಿಟಕಿಗೆ ಓಡುತ್ತಾರೆ. ಆದರೆ ಹೋಲಿಕೆಯೂ ಶುರು: ಅವಳದ್ದು ಬಂತು, ನನ್ನದು ಬಂದಿಲ್ಲ. ಇಪ್ಪತ್ತು ಕುಂಡಗಳಲ್ಲಿ ಎರಡಾದರೂ ಮೊಳೆಯುವುದಿಲ್ಲ ಎಂದು ಮೊದಲೇ ಲೆಕ್ಕ ಹಾಕಿ. ಒಂದೊಂದು ಕುಂಡಕ್ಕೆ ಮೂರು ಬೀಜ ಹಾಕಿಸಿದರೆ ಈ ತಾಪತ್ರಯ ಅರ್ಧ ಕಡಿಮೆ. ಇನ್ನರ್ಧಕ್ಕೆ ಕೆಲವು ಟೀಚರುಗಳು ಹಿಡಿಯುವ ದಾರಿ, ಸಂಜೆ ಎಲ್ಲರೂ ಹೋದ ಮೇಲೆ ಗುಟ್ಟಾಗಿ ಸಸಿ ಬದಲಿಸುವುದು. ನನಗೆ ಇದು ಒಪ್ಪಿಗೆಯಿಲ್ಲ. ಮಗು ಅಳಬಾರದು ಎನ್ನುವ ಕಾಳಜಿ ಅರ್ಥವಾಗುತ್ತದೆ, ಆದರೆ ನಿನ್ನೆಯವರೆಗೆ ಬರೀ ಮಣ್ಣಿದ್ದ ಕುಂಡದಲ್ಲಿ ಇವತ್ತು ನಾಲ್ಕೆಲೆಯ ಗಿಡ ಕಂಡರೆ ಮಗು ಕಲಿಯುವುದು ಗಿಡದ ಬಗ್ಗೆ ತಪ್ಪನ್ನೇ. ಹೆಚ್ಚುವರಿ ಸಸಿಗಳ ಟ್ರೇಯನ್ನು ಎಲ್ಲರಿಗೂ ಕಾಣುವ ಹಾಗೆ ಇಟ್ಟು, ಬೇಕಾದವರು ಒಂದನ್ನು ದತ್ತು ತೆಗೆದುಕೊಳ್ಳಲಿ ಎಂದು ಬಹಿರಂಗವಾಗಿಯೇ ಹೇಳಿಬಿಡಿ. ಕೆಲವು ಮಕ್ಕಳು ಬೇಡ ಎನ್ನುತ್ತಾರೆ, ಬರದ ಬೀಜವನ್ನೇ ಕಾಯುತ್ತಾರೆ. ಕಾಯಲಿ.

ಸಾಮೂಹಿಕ ಪಾತಿಯಲ್ಲಿ ಸೋಲು ಯಾರದ್ದೂ ಅಲ್ಲ, ಗೆಲುವು ಎಲ್ಲರದ್ದು. ಅದರ ದೋಷವೆಂದರೆ, ಮುಂದೆ ನುಗ್ಗುವ ನಾಲ್ಕು ಮಕ್ಕಳೇ ನೀರಿನ ಕ್ಯಾನನ್ನು ಹಿಡಿದಿರುತ್ತಾರೆ, ಮಿಕ್ಕವರು ಕೈಕಟ್ಟಿ ನಿಲ್ಲುತ್ತಾರೆ. ಇನ್ನೊಂದು, ನೀರು ಜಾಸ್ತಿಯಾಗಿ ಸಾಯುವ ಗಿಡಗಳೇ ಹೆಚ್ಚು. ಅರ್ಧ ಲೋಟ ಹಿಡಿಯುವ ಪುಟ್ಟ ಪಾತ್ರೆ ಕೊಟ್ಟು ಸರದಿ ಗೊತ್ತು ಮಾಡಿದರೆ ಎರಡೂ ಸಮಸ್ಯೆ ಹಿಡಿತಕ್ಕೆ ಬರುತ್ತವೆ.

ಕಂಬಳಿಹುಳುವಿನಿಂದ ಚಿಟ್ಟೆ

ಪುಟ್ಟ ಮಕ್ಕಳು ಚಲಿಸುವುದನ್ನು ಜೀವವೆಂದು ಎಣಿಸುತ್ತಾರೆ, ಗಿಡಕ್ಕೆ ಜೀವವಿದೆ ಎಂದು ಒಪ್ಪಲು ಹಿಂದೆಮುಂದೆ ನೋಡುತ್ತಾರೆ ಎಂಬುದನ್ನು ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಪಿಯಾಜೆ ಬಹಳ ಹಿಂದೆಯೇ ಗುರುತಿಸಿದ್ದರು. ಹುಳುವಿಗೆ ಆ ತೊಂದರೆಯಿಲ್ಲ. ಅದು ನಡೆಯುತ್ತದೆ, ತಿನ್ನುತ್ತದೆ, ಹಿಕ್ಕೆ ಹಾಕುತ್ತದೆ. ಮೂರನೆಯದು ಮಕ್ಕಳಿಗೆ ಎಷ್ಟು ಮುಖ್ಯ ಎಂದು ಯಾವ ಪಠ್ಯಕ್ರಮವೂ ಹೇಳುವುದಿಲ್ಲ.

ಇದರಲ್ಲಿ ಎರಡು ದಾರಿಗಳಿವೆ. ಮೊದಲನೆಯದು ಕೆಲವು ದೇಶಗಳಲ್ಲಿ ಮಾರುವ ಸಿದ್ಧ ಕಿಟ್: ಒಂದು ಮುಚ್ಚಿದ ಕಪ್, ಅದರೊಳಗೆ ಪುಟ್ಟ ಹುಳುಗಳು, ತಳದಲ್ಲಿ ಅವುಗಳಿಗೆ ಬೇಕಾದಷ್ಟು ಆಹಾರದ ಪೇಸ್ಟ್. ಸಾಮಾನ್ಯವಾಗಿ ಅದು ಪೇಂಟೆಡ್ ಲೇಡಿ ಚಿಟ್ಟೆ. ಹುಳುವಾಗಿ ಸುಮಾರು ಎರಡು ವಾರ, ಕೋಶದೊಳಗೆ ಏಳರಿಂದ ಹತ್ತು ದಿನ, ಎಲ್ಲ ಸೇರಿ ತಿಂಗಳೊಳಗೆ ಕಥೆ ಮುಗಿಯುತ್ತದೆ. ಸಮಯದ ದೃಷ್ಟಿಯಿಂದ ಇಷ್ಟು ಅನುಕೂಲದ್ದು ಇನ್ನೊಂದಿಲ್ಲ. ವಾರಾಂತ್ಯದ ಚಿಂತೆಯೂ ಇಲ್ಲ. ಆದರೆ ಮಗುವಿಗೆ ಮಾಡಲು ಏನೂ ಇಲ್ಲ. ಮುಚ್ಚಳ ತೆಗೆಯುವ ಹಾಗಿಲ್ಲ, ಊಟ ಹಾಕುವ ಹಾಗಿಲ್ಲ. ಟಿವಿಗೂ ಇದಕ್ಕೂ ಹೆಚ್ಚು ವ್ಯತ್ಯಾಸ ನನಗೆ ಕಾಣಿಸುವುದಿಲ್ಲ.

ಎರಡನೆಯ ದಾರಿ, ಅಂಗಳದ ಗಿಡದಲ್ಲೇ ಇರುವ ಹುಳುವನ್ನು ಅದು ತಿನ್ನುತ್ತಿದ್ದ ಎಲೆಯ ಸಮೇತ ಒಳಗೆ ತರುವುದು. ಎಲೆಕೋಸಿನ ಬಿಳಿ ಚಿಟ್ಟೆಯ ಹುಳು ಇದಕ್ಕೆ ತಕ್ಕದ್ದು. ಹುಳುಗಳು ಊಟದ ವಿಷಯದಲ್ಲಿ ಬಲು ಹಠಮಾರಿಗಳು. ಮೊನಾರ್ಕ್ ಚಿಟ್ಟೆಯ ಹುಳು ಮಿಲ್ಕ್‌ವೀಡ್ ಎಂಬ, ಎಕ್ಕದ ಬಳಗದ ಗಿಡಗಳನ್ನು ಬಿಟ್ಟು ಬೇರೆ ಮುಟ್ಟುವುದಿಲ್ಲ, ಎಲೆಕೋಸಿನ ಹುಳುವಿಗೆ ಕೋಸಿನ ಬಳಗವೇ ಆಗಬೇಕು. ಹಾಗಾಗಿ ದಿನವೂ ಇಬ್ಬರು ಮಕ್ಕಳು ಹೋಗಿ ಅದೇ ಗಿಡದ ತಾಜಾ ಎಲೆ ತರಬೇಕು, ನಿನ್ನೆಯ ಒಣ ಎಲೆ ಮತ್ತು ಹಿಕ್ಕೆಯನ್ನು ತೆಗೆದು ಹೊಸ ಕಾಗದ ಹಾಸಬೇಕು. ಇಲ್ಲಿ ಕೈಗೆ ಕೆಲಸವಿದೆ. ಎಷ್ಟು ತಿಂದಿತು ಎಂದು ಎಲೆಯ ಅಂಚನ್ನು ಕಾಗದದ ಮೇಲೆ ಗೆರೆ ಎಳೆದು ನೋಡಬಹುದು. ಎರಡರಲ್ಲಿ ನನ್ನ ಮತ ಸಂದೇಹವಿಲ್ಲದೆ ಇದಕ್ಕೆ.

ತೊಂದರೆಗಳೂ ಇವೆ. ಹೊರಗಿನ ಹುಳುವಿನೊಳಗೆ ಕಣಜದ ಮರಿಗಳು ಬೆಳೆಯುತ್ತಿರಬಹುದು. ಒಂದು ಬೆಳಗ್ಗೆ ಹುಳುವಿನ ಮೈಮೇಲೆ ಪುಟ್ಟ ಹಳದಿ ಗೂಡುಗಳ ರಾಶಿ ಕಾಣುತ್ತದೆ, ಹುಳು ಸತ್ತಿರುತ್ತದೆ. ಐದು ವರ್ಷದವರಿಗೆ ಇದನ್ನು ನೇರವಾಗಿ ಹೇಳಬಹುದು, ಅವರು ನಾವು ಅಂದುಕೊಂಡದ್ದಕ್ಕಿಂತ ಗಟ್ಟಿ. ಮೂರು ವರ್ಷದವರ ಗುಂಪಿಗೆ ಕಿಟ್ಟೇ ವಾಸಿ. ಮೈತುಂಬ ರೋಮವಿರುವ ಹುಳುಗಳನ್ನು ಮಾತ್ರ ಯಾರೂ ಮುಟ್ಟುವುದು ಬೇಡ. ಅನೇಕ ಜಾತಿಗಳ ರೋಮ ಚರ್ಮಕ್ಕೆ ಉರಿ, ದದ್ದು ತರುತ್ತದೆ. ಎಲೆಯಿಂದ ಹಾಲು ಒಸರುವ ಗಿಡಗಳ ಹುಳುಗಳೂ ಬೇಡ, ಆ ಹಾಲು ಕಣ್ಣಿಗೆ ತಗುಲಿದರೆ ಫಜೀತಿ.

ಕೋಶದಿಂದ ಹೊರಬಂದ ಚಿಟ್ಟೆ ತಲೆಕೆಳಗಾಗಿ ಜೋತಾಡಿಕೊಂಡು ರೆಕ್ಕೆಗೆ ರಸ ತುಂಬಿಸಿ ಒಣಗಿಸಿಕೊಳ್ಳಲು ಒಂದೆರಡು ಗಂಟೆ ಬೇಕು. ಆ ಹೊತ್ತಿನಲ್ಲಿ ಡಬ್ಬ ಅಲುಗಿದರೆ ಅದು ಬಿದ್ದು ರೆಕ್ಕೆ ಸೊಟ್ಟಗಾಗಿಯೇ ಉಳಿಯಬಹುದು. ಇನ್ನೊಂದು ವಿಷಯವನ್ನು ಮೊದಲೇ ಹೇಳಿಡಿ: ಹೊರಬಂದ ಚಿಟ್ಟೆ ಕೆಂಪು ದ್ರವ ವಿಸರ್ಜಿಸುತ್ತದೆ. ಅದು ಕೋಶದೊಳಗೆ ಉಳಿದ ತ್ಯಾಜ್ಯ, ರಕ್ತವಲ್ಲ. ಹೇಳದಿದ್ದರೆ ತರಗತಿಯಲ್ಲಿ ರೋದನವೇ. ಬಿಡುವಾಗ ಮಳೆಯಿಲ್ಲದ, ಬೆಚ್ಚಗಿನ ಹಗಲು ನೋಡಿ ಬಿಡಬೇಕು. ಆ ಪ್ರದೇಶದ್ದಲ್ಲದ ಜಾತಿಯನ್ನು ಬಿಡುವುದು ಸರಿಯಲ್ಲ, ಹಾಗಾಗಿ ತರಿಸುವ ಮೊದಲೇ ಅದನ್ನು ವಿಚಾರಿಸಬೇಕು.

ಗೊದಮೊಟ್ಟೆ

ಬಾಲ ಇದ್ದದ್ದು ಕಾಲು ಪಡೆದು ಕಪ್ಪೆಯಾಗುವುದನ್ನು ಕಣ್ಣಾರೆ ನೋಡುವುದಕ್ಕೆ ಸಾಟಿಯಿಲ್ಲ, ಒಪ್ಪುತ್ತೇನೆ. ಮೊದಲು ಹಿಂಗಾಲು ಬರುತ್ತದೆ, ಆಮೇಲೆ ಮುಂಗಾಲು, ಕೊನೆಗೆ ಬಾಲ ಕರಗಿ ಮೈಯೊಳಗೆ ಸೇರುತ್ತದೆ. ಆದರೂ ಶಿಶುವಿಹಾರದೊಳಗೆ ಇದನ್ನು ತರಬೇಡಿ ಎನ್ನುವುದೇ ನನ್ನ ಸಲಹೆ.

ಕಾರಣ ಒಂದಲ್ಲ. ತಂಪು ಪ್ರದೇಶದ ಸಾಮಾನ್ಯ ಕಪ್ಪೆ ಮೊಟ್ಟೆಯಿಂದ ಪುಟ್ಟ ಕಪ್ಪೆಯಾಗಲು ಮೂರು ತಿಂಗಳಿಗೂ ಮೀರಬಹುದು. ನಲ್ಲಿ ನೀರಿನ ಕ್ಲೋರಿನ್ ಅವುಗಳಿಗೆ ಆಗದು. ಮಕ್ಕಳು ಪ್ರೀತಿಯಿಂದ ಹಾಕುವ ಹೆಚ್ಚುವರಿ ಆಹಾರ ನೀರನ್ನು ಕೊಳೆಸುತ್ತದೆ, ಸೋಮವಾರ ಬಂದು ನೋಡುವಾಗ ವಾಸನೆಯೇ ಸ್ವಾಗತಿಸುತ್ತದೆ. ಕಪ್ಪೆ, ಆಮೆಯಂಥ ಪ್ರಾಣಿಗಳು ಆರೋಗ್ಯವಾಗಿ ಕಂಡರೂ ಸಾಲ್ಮೊನೆಲ್ಲಾ ರೋಗಾಣು ಹೊತ್ತಿರಬಹುದು, ಅವುಗಳ ತೊಟ್ಟಿಯ ನೀರಿನಲ್ಲೂ ಅದು ಇರುತ್ತದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಐದು ವರ್ಷದೊಳಗಿನ ಮಕ್ಕಳು ಇವನ್ನು ಮುಟ್ಟಬಾರದೆಂದೇ ಹೇಳುತ್ತದೆ. ಎಲ್ಲಕ್ಕಿಂತ ಗಂಭೀರವಾದದ್ದು ಕಪ್ಪೆಗಳ ಕಡೆಯ ಕಾರಣ. ಕೈಟ್ರಿಡ್ ಎಂಬ ಶಿಲೀಂಧ್ರ ರೋಗ ಜಗತ್ತಿನ ಹಲವೆಡೆ ಕಪ್ಪೆಗಳ ಸಂಕುಲವನ್ನೇ ಅಳಿಸಿದೆ. ಒಂದು ಕೊಳದ ನೀರನ್ನೋ ಮರಿಯನ್ನೋ ಇನ್ನೊಂದು ಕೊಳಕ್ಕೆ ಸಾಗಿಸುವುದು ಅಂಥ ರೋಗಕ್ಕೆ ದಾರಿ ಮಾಡಿಕೊಟ್ಟಂತೆ. ಹಲವು ದೇಶಗಳಲ್ಲಿ ಕಪ್ಪೆಗಳನ್ನು ಹಿಡಿಯುವುದಕ್ಕೆ ಕಾನೂನಿನ ಅಡ್ಡಿಯೂ ಇದೆ.

ಹತ್ತಿರದಲ್ಲಿ ಕೊಳವಿದ್ದರೆ ವಾರಕ್ಕೊಮ್ಮೆ ಅಲ್ಲಿಗೇ ಹೋಗಿ, ದಡದಲ್ಲಿ ಕುಳಿತು ನೋಡಿ ಬನ್ನಿ. ಇಬ್ಬರು ಮೂವರು ಮಕ್ಕಳಿಗೆ ಒಬ್ಬ ದೊಡ್ಡವರು ಇಲ್ಲದೆ ನೀರಿನ ಹತ್ತಿರ ಹೋಗಬೇಡಿ, ಆಳ ಮೊಣಕಾಲಿನಷ್ಟೇ ಇದ್ದರೂ ಸರಿ.

ಮೊಟ್ಟೆ ಮರಿ ಮಾಡಿಸುವುದು

ಇದರ ಆಕರ್ಷಣೆ ದೊಡ್ಡದು, ಲೆಕ್ಕವೂ ಸ್ಪಷ್ಟ. ಕೋಳಿ ಮೊಟ್ಟೆಗೆ 21 ದಿನ. ಇನ್ಕ್ಯುಬೇಟರಿನ ಬಿಸಿ 37.5 ಡಿಗ್ರಿ ಸೆಲ್ಸಿಯಸ್ ಹತ್ತಿರ ಸ್ಥಿರವಾಗಿರಬೇಕು, ಕೊನೆಯ ಮೂರು ದಿನ ತೇವಾಂಶ ಹೆಚ್ಚಿಸಬೇಕು. 18ನೇ ದಿನದವರೆಗೆ ಮೊಟ್ಟೆಯನ್ನು ದಿನಕ್ಕೆ ಮೂರು ಸಲವಾದರೂ ಹೊರಳಿಸಬೇಕು, ಇಲ್ಲದಿದ್ದರೆ ಭ್ರೂಣ ಒಳಪೊರೆಗೆ ಅಂಟಿಕೊಳ್ಳುತ್ತದೆ. ತಾನೇ ಹೊರಳಿಸುವ ಯಂತ್ರ ಇಲ್ಲದಿದ್ದರೆ ಭಾನುವಾರವೂ ಯಾರಾದರೂ ಬರಬೇಕು. ಏಳನೇ ದಿನ ಕತ್ತಲೆ ಕೋಣೆಯಲ್ಲಿ ಟಾರ್ಚ್ ಹಿಡಿದರೆ ಮೊಟ್ಟೆಯೊಳಗೆ ಜೇಡನ ಬಲೆಯಂಥ ರಕ್ತನಾಳಗಳು, ನಡುವೆ ಒಂದು ಕಪ್ಪು ಚುಕ್ಕೆ ಕಾಣುತ್ತವೆ. ಮಕ್ಕಳು ಉಸಿರು ಬಿಗಿಹಿಡಿಯುವ ಕ್ಷಣ ಅದು, ಸುಳ್ಳು ಹೇಳಲಾರೆ.

ಆದರೆ ಮುಂದೆ? ಎಲ್ಲ ಮೊಟ್ಟೆಗಳೂ ಒಡೆಯುವುದಿಲ್ಲ. ಚಿಪ್ಪಿನಲ್ಲಿ ಮೊದಲ ಬಿರುಕು ಬಿಟ್ಟು ಮರಿ ಹೊರಬರಲು ಅರ್ಧ ದಿನದಿಂದ ಒಂದು ದಿನ ಹಿಡಿಯುವುದರಿಂದ ಎಷ್ಟೋ ಸಲ ಅದು ರಾತ್ರಿಯಲ್ಲೇ ನಡೆದುಹೋಗುತ್ತದೆ. ಬಿರುಕು ಬಿಟ್ಟು ಅಲ್ಲೇ ಸೋತುಹೋದ ಮರಿಯೂ ಒಂದಿರುತ್ತದೆ, ಸಹಾಯ ಮಾಡಿ ಮಿಸ್ ಎಂದು ಹದಿನೈದು ಮಕ್ಕಳು ನಿಮ್ಮ ಮುಖ ನೋಡುತ್ತಾರೆ. ಬದುಕಿದ ಮರಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಹುಂಜಗಳು. ಹುಂಜ ಬೇಕು ಎನ್ನುವವರು ವಿರಳ. ಮರಿಗಳನ್ನು ವಾಪಸ್ ತೆಗೆದುಕೊಳ್ಳುವವರು ಆಮೇಲೆ ಅವನ್ನು ಏನು ಮಾಡುತ್ತಾರೆ ಎಂದು ನಾಲ್ಕು ವರ್ಷದ ಮಗು ಕೇಳಿದರೆ ನಿಮ್ಮ ಬಳಿ ನಿಜವಾದ ಉತ್ತರ ಇರಬೇಕು. ಮುದ್ದಾಗಿ ಕಂಡರೂ ಕೋಳಿಮರಿಯನ್ನು ಐದರೊಳಗಿನವರು ಎತ್ತಿಕೊಳ್ಳಬಾರದು ಎನ್ನುವ ಎಚ್ಚರಿಕೆ ಇಲ್ಲೂ ಇದೆ, ಅದೇ ಸಾಲ್ಮೊನೆಲ್ಲಾ ಕಾರಣಕ್ಕೆ. ಅಂದರೆ ಇಪ್ಪತ್ತೊಂದು ದಿನ ಕಾದ ಮಗುವಿಗೆ ಕೊನೆಯಲ್ಲಿ ‘ಮುಟ್ಟಬೇಡ’ ಎಂದೇ ಹೇಳಬೇಕು.

ಸ್ವಂತ ಕೋಳಿಗೂಡು ಇರುವ, ಮರಿಗಳು ಅಲ್ಲೇ ಬೆಳೆಯುವ ಶಿಶುವಿಹಾರವಾದರೆ ಮಾತು ಬೇರೆ. ಅಲ್ಲಿ ಕಾವು ಕೂರುವ ಹೇಂಟೆಯೇ ಇರುತ್ತದೆ, ಯಂತ್ರದ ಅಗತ್ಯವೂ ಇಲ್ಲ. ಮರಿ ಹೋಗುವ ಜಾಗ ಗೊತ್ತಿಲ್ಲದೆ ಮೊಟ್ಟೆ ತರಿಸುವವರಿಗೆ ಮಾತ್ರ ನನ್ನದು ಖಡಾಖಂಡಿತ ಬೇಡ.

ಏನನ್ನೂ ಒಳಗೆ ತಾರದೆ

ಎರೆಹುಳುವಿನ ಬಗ್ಗೆ ಎರಡೇ ಮಾತು: ಪಾರದರ್ಶಕ ಡಬ್ಬದಲ್ಲಿ ಮಣ್ಣು, ಮರಳು, ಮಣ್ಣು ಎಂದು ಪದರ ಹಾಕಿ, ಸುತ್ತ ಕಪ್ಪು ಕಾಗದ ಹೊದಿಸಿ ಕೆಲವು ಎರೆಹುಳು ಬಿಟ್ಟರೆ ಒಂದೆರಡು ವಾರದಲ್ಲಿ ಪದರಗಳು ಕಲೆಸಿಹೋಗುತ್ತವೆ. ಆಮೇಲೆ ತಂದ ಜಾಗಕ್ಕೇ ಬಿಟ್ಟುಬಿಡಿ.

ನಾನು ಬೀಜದ ಸಮಕ್ಕೆ ನಿಲ್ಲಿಸುವುದು ಇನ್ನೂ ಸರಳವಾದ ಒಂದನ್ನು. ಅಂಗಳದ್ದೋ ದಾರಿಬದಿಯದ್ದೋ ಒಂದು ಮರ ಆರಿಸಿ, ಮಕ್ಕಳ ಎತ್ತರಕ್ಕೆ ಸಿಗುವ ಒಂದು ರೆಂಬೆಗೆ ಬಣ್ಣದ ಟೇಪನ್ನು ಸಡಿಲವಾಗಿ ಕಟ್ಟಿ. ವಾರಕ್ಕೊಮ್ಮೆ ಅದೇ ರೆಂಬೆಯನ್ನು ನೋಡಲು ಹೋಗುವುದು, ಅಷ್ಟೇ. ಮೊಗ್ಗಿನ ಹೊದಿಕೆ ಅಂಟಂಟಾಗಿದೆಯೇ, ಬಿರಿಯಿತೇ, ಒಳಗೆ ಎಲೆ ಮಡಚಿಕೊಂಡಿತ್ತೇ ಸುರುಳಿ ಸುತ್ತಿಕೊಂಡಿತ್ತೇ, ಎಳೆ ಎಲೆ ಬಲಿತ ಎಲೆಗಿಂತ ಮೆತ್ತಗಿದೆಯೇ, ಇರುವೆ ಬಂತೇ. ಅಳತೆಗೆ ಮಗುವಿನ ಬೆರಳೇ ಸಾಕು. ಒಂದು ಬೆರಳುದ್ದ, ಎರಡು ಬೆರಳುದ್ದ ಎಂದು ಬರೆದಿಟ್ಟರೆ ಋತು ಮುಗಿಯುವ ಹೊತ್ತಿಗೆ ಗೋಡೆಯ ಮೇಲೆ ಮಕ್ಕಳೇ ಮಾಡಿದ ಪಂಚಾಂಗವೊಂದು ಸಿದ್ಧವಾಗುತ್ತದೆ.

ಇದನ್ನು ಮಕ್ಕಳಾಟ ಎನ್ನುವ ಹಾಗಿಲ್ಲ. ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ರಾಬರ್ಟ್ ಮಾರ್ಶಮ್ ಎಂಬವರು 1736ರಲ್ಲಿ ಹೂ ಅರಳಿದ್ದು, ಎಲೆ ಬಿಚ್ಚಿದ್ದು, ಹಕ್ಕಿ ಕೂಗಿದ್ದನ್ನೆಲ್ಲ ದಿನಾಂಕ ಹಾಕಿ ಬರೆದಿಡಲು ಶುರುಮಾಡಿದರು. ಅವರ ವಂಶದವರು ಅದನ್ನು 1958ರವರೆಗೆ ಮುಂದುವರಿಸಿದರು. ಜಪಾನಿನ ಕ್ಯೋಟೋದಲ್ಲಿ ಚೆರ್ರಿ ಹೂ ಅರಳಿದ ದಿನಗಳ ದಾಖಲೆ ಒಂಬತ್ತನೇ ಶತಮಾನದಿಂದ ಸಿಗುತ್ತದೆ. ವಸಂತ ಈಗ ಎಷ್ಟು ಬೇಗ ಬರುತ್ತಿದೆ ಎಂದು ಹೇಳಲು ಹವಾಮಾನ ವಿಜ್ಞಾನಿಗಳು ಬಳಸುವುದು ಇಂಥ ಪುಸ್ತಕಗಳನ್ನೇ. ಪ್ರತಿ ವರ್ಷದ ಮಕ್ಕಳ ಹಾಳೆಯನ್ನು ಎಸೆಯದೆ ಫೈಲ್ ಮಾಡಿಟ್ಟರೆ ಮುಂದಿನ ವರ್ಷದ ಮಕ್ಕಳು ಹೋದ ವರ್ಷದ ರೆಂಬೆಯ ಜೊತೆ ತಮ್ಮದನ್ನು ಹೋಲಿಸಬಹುದು. ಬೀಜವಾಗಲಿ ಚಿಟ್ಟೆಯಾಗಲಿ ಇದನ್ನು ಕೊಡಲಾರದು.

ಇದರ ದೌರ್ಬಲ್ಯ, ನಿಧಾನ. ಮೊದಲ ಎರಡು ವಾರ ಏನೂ ಆಗುವುದಿಲ್ಲ. ಮೂರು ವರ್ಷದವರಿಗೆ ಅಷ್ಟು ತಾಳ್ಮೆಯಿಲ್ಲ. ಅವರಿಗಾಗಿ ಮೊಗ್ಗಿರುವ ಒಂದು ಕಡ್ಡಿಯನ್ನು ಕತ್ತರಿಸಿ ಬೆಚ್ಚಗಿನ ಕೋಣೆಯಲ್ಲಿ ನೀರಿನಲ್ಲಿ ಇಟ್ಟರೆ ಹೊರಗಿನದ್ದಕ್ಕಿಂತ ಬೇಗ ಅರಳುತ್ತದೆ. ಹೊರಗಿನ ರೆಂಬೆಯನ್ನೂ ಒಳಗಿನ ಕಡ್ಡಿಯನ್ನೂ ಒಟ್ಟಿಗೆ ನೋಡುವುದು ಇನ್ನೂ ಸ್ವಾರಸ್ಯ.

ಹಕ್ಕಿಗೂಡು ಕಂಡರೆ ದೂರದಿಂದ ನೋಡಿ. ಮತ್ತೆ ಮತ್ತೆ ಹತ್ತಿರ ಹೋದರೆ ಹಕ್ಕಿ ಗೂಡು ಬಿಟ್ಟುಹೋಗಬಹುದು. ಗೂಡು ಕಟ್ಟಲಿ ಎಂದು ದಾರ, ಉಲ್ಲನ್ ನೂಲು ತೂಗುಹಾಕುವ ಚಟುವಟಿಕೆ ಬಹಳ ಕಡೆ ಇದೆ, ಅದನ್ನು ನಿಲ್ಲಿಸುವುದು ಒಳ್ಳೆಯದು. ಉದ್ದ ನೂಲು ಮರಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ಒಣಹುಲ್ಲು, ಸಣ್ಣ ಕಡ್ಡಿ ಇಟ್ಟರೆ ಸಾಕು.

ನಿಮ್ಮ ತರಗತಿಗೆ ಯಾವುದು

ಮೂರು ವರ್ಷದವರೇ ಹೆಚ್ಚಿದ್ದು ಟೀಚರ್ ಒಬ್ಬರೇ ಇದ್ದರೆ ಜಾಡಿಯ ಬೀನ್ಸ್, ನೀರಿನಲ್ಲಿಟ್ಟ ಕಡ್ಡಿ. ಇದಕ್ಕಿಂತ ಹೆಚ್ಚು ಹಚ್ಚಿಕೊಳ್ಳಬೇಡಿ. ನಾಲ್ಕು ಐದು ವರ್ಷದವರಾಗಿ, ಅಂಗಳವೂ ಇದ್ದರೆ ಸ್ವಂತ ಕುಂಡದ ಜೊತೆ ಮೂಲಂಗಿಯ ಸಾಮೂಹಿಕ ಪಾತಿ, ಪಾತಿಯ ಅಂಚಿನಲ್ಲಿ ನಾಲ್ಕು ಎಲೆಕೋಸಿನ ಗಿಡ. ಚಿಟ್ಟೆ ತಾನಾಗಿ ಬಂದು ಮೊಟ್ಟೆಯಿಟ್ಟರೆ ಕಂಬಳಿಹುಳುವಿನ ಆಯ್ಕೆ ದುಡ್ಡಿಲ್ಲದೆ ಸಿಕ್ಕಿತು, ಬರದಿದ್ದರೆ ಕೋಸಾದರೂ ಇದೆ. ಮಹಡಿಯ ಮೇಲಿನ ಶಿಶುವಿಹಾರ, ಮಣ್ಣೇ ಇಲ್ಲ ಎನ್ನುವವರಿಗೆ ಕಿಟಕಿಯಿಂದ ಕಾಣುವ ಮರವೂ ಜಾಡಿಗಳೂ ಸಾಲುತ್ತವೆ. ರಜೆಗೆ ಐದು ವಾರ ಮಾತ್ರ ಉಳಿದಿದ್ದರೆ ಸೂರ್ಯಕಾಂತಿಯನ್ನು ಮರೆತು ಮೂಲಂಗಿಯನ್ನು ಈ ವಾರವೇ ಬಿತ್ತಿಸಿ.

ಯಾವುದನ್ನು ಆರಿಸಿದರೂ ಶುರುಮಾಡುವ ಮೊದಲು ಪೋಷಕರಿಗೆ ಒಂದು ಚೀಟಿ ಹೋಗಲಿ. ಪರಾಗದ ಅಲರ್ಜಿ, ಆಸ್ತಮಾ, ಜೇನುನೊಣದ ಕಡಿತಕ್ಕೆ ಮೈ ಊದುವುದು ಇವುಗಳಲ್ಲಿ ಏನಾದರೂ ಇದೆಯೇ, ಟೆಟನಸ್ ಲಸಿಕೆ ಆಗಿದೆಯೇ ಎಂದು ಕೇಳಬೇಕು. ಮಣ್ಣಿನ ಕೆಲಸವಾದ ಮೇಲೆ ಸ್ಯಾನಿಟೈಸರ್ ಸಾಲದು, ಕೊಳೆ ಮೆತ್ತಿದ ಕೈಯ ಮೇಲೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಸೋಪು ಹಚ್ಚಿ 20 ಸೆಕೆಂಡ್ ಉಜ್ಜಿ ತೊಳೆಸಬೇಕು. ಬೆಕ್ಕುಗಳು ಓಡಾಡುವ ಅಂಗಳವಾದರೆ ಪಾತಿಗೂ ಮರಳಿನ ಗುಂಡಿಗೂ ರಾತ್ರಿ ಹೊದಿಕೆ ಹಾಕಿ, ಬೆಕ್ಕಿನ ಮಲದಿಂದ ಟಾಕ್ಸೊಪ್ಲಾಸ್ಮಾ ಎಂಬ ರೋಗಾಣು ಹರಡುತ್ತದೆ. ಮತ್ತೆ, ನಡುವೆ ಬರುವ ರಜೆಯಲ್ಲಿ ಕುಂಡಗಳಿಗೆ ನೀರು ಹಾಕುವವರ ಹೆಸರನ್ನು ಬಿತ್ತುವ ದಿನವೇ ಗೋಡೆಗೆ ಅಂಟಿಸಿಬಿಡಿ.